‘ಏನರೆ ಬೇಕಾದ್ರ ಹೇಳ್ರಿ’

ಸುದ್ದಿಮನೆಯಲ್ಲಿ ಬೆಳೆಹಾನಿ ಅಂದ್ರೆ ಒಂದು ಲೆಕ್ಕ. ಇಷ್ಟು ಎಕರೆ, ಇಷ್ಟು ಕೋಟಿ, ಮುಂದಿನ ಸುದ್ದಿ. ಇವತ್ತು ಒಂದೇ ಒಂದು ಶೆಡ್ಡಿನ ಮಾತು ಹೇಳ್ತೀನಿ.

ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೋದ್ರೆ ದ್ರಾಕ್ಷಿ ಪಡಗಳು ಸಿಗ್ತವೆ. ಅದರಲ್ಲೊಂದು ನಮ್ಮಪ್ಪನ ಗೆಳೆಯರದು. ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಫೀ ಕಟ್ಟಿದ್ದು ಆ ಕಾಕಾ. ಇವತ್ತಿನವರೆಗೂ ಆ ಮಾತು ಎತ್ತಿಲ್ಲ.

ಸುಮಾರು 4 ಕೆಜಿ ಹಸಿ ದ್ರಾಕ್ಷಿ ಒಣಗಿದ್ರೆ 1 ಕೆಜಿ ಒಣದ್ರಾಕ್ಷಿ. ಶೆಡ್ಡಿನಲ್ಲಿ 15-20 ದಿನ ಒಣಗಬೇಕು. ಆ ಹೊತ್ತಿಗೆ ಗಾಳಿಮಳೆ ಒಳಗೆ ಬಡಿದರೆ ಹಣ್ಣು ಕಪ್ಪು, ದರ ಪಾತಾಳ. ಕಾಕಾಗೆ ಸತತ ಎರಡು ವರ್ಷ ಹೀಗೇ ಆಯ್ತು. ಮೇಲೆ ಸಾಲ.

ಫೋನ್ ಮಾಡಿದೆ. ‘ಏನರೆ ಬೇಕಾದ್ರ ಹೇಳ್ರಿ ಕಾಕಾ.’

‘ಏನೂ ಬ್ಯಾಡ ತಮ್ಮಾ, ಆರಾಮ ಅದೀನಿ.’

ನಂಬಿಬಿಟ್ಟೆ. ಆಮೇಲೆ ಅವರು ಫೋನ್ ಎತ್ತೋದೇ ಬಿಟ್ಟರು.

ಅವ್ವ ಬೈದಳು. ‘ಮುಳಗಾವ್ನ ಹಗ್ಗ ಎಷ್ಟ ಉದ್ದ ಬೇಕಂತ ಕೇಳ್ತಾರೇನು?’ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಅಪ್ಪನ ಜೊತೆ ತಿಕೋಟಾ ಬಸ್ ಹತ್ತಿದಳು. ಭಾನುವಾರ ನಾನೂ ಹೋದೆ.

‘ಎಂಟ ದಿನ ಆತು, ಪಡದ ಕಡೆ ಮುಖಾ ಹಾಕಿಲ್ಲ’ ಅಂದರು ಕಾಕು. ಏಪ್ರಿಲ್ ಚಾಟ್ನಿ ಶುರುವೇ ಆಗಿರಲಿಲ್ಲ. ಅದರ ಹೊತ್ತು ಮೀರಿದರೆ ಮುಂದಿನ ವರ್ಷದ ಬೆಳೆಗೂ ಪೆಟ್ಟು.

ಅಪ್ಪ ಬುದ್ಧಿ ಹೇಳಲಿಲ್ಲ, ಪಕ್ಕದಲ್ಲಿ ಕೂತ, ಅಷ್ಟೇ. ಮರುದಿನ ಅಕ್ಕಪಕ್ಕದವರು, ಬಬಲೇಶ್ವರದ ಬೀಗರು ಕತ್ತರಿ ಹಿಡಿದು ಬಂದರು. ಮುಯ್ಯಿ ಆಳು. ಇಂದು ನಿನ್ನ ಹೊಲಕ್ಕೆ, ನಾಳೆ ನನ್ನ ಹೊಲಕ್ಕೆ. ಕೂಲಿ ಇಲ್ಲ, ಹಂಗೂ ಇಲ್ಲ. ಕೊಡುವವರ ಮುಂದೆ ತಲೆ ತಗ್ಗಿಸದ ಹಾಗೆ ಸಹಾಯ ಮಾಡೋದನ್ನ ನಮ್ಮ ಹಿರಿಯರು ಕಂಡುಕೊಂಡಿದ್ದರು.

ಮೂರನೇ ದಿನ ಕಾಕಾ ಎದ್ದು ಬಂದು ಒಬ್ಬನ ಕೈಯಿಂದ ಕತ್ತರಿ ಕಸಿದುಕೊಂಡರು. ‘ಹಂಗ ಅಲ್ಲೊ, ಎರಡ ಕಣ್ಣ ಬಿಟ್ಟ ಕತ್ತರಸು!’ ಆ ಬೈಗುಳ ಕೇಳಿ ಕಾಕು ಕಣ್ಣು ಒರೆಸಿಕೊಂಡರು.

ನನ್ನ ಪಾಲಿಗೆ ಬಂದದ್ದು ಕಾಗದಪತ್ರ. ಪಹಣಿ, ಪಾಸ್‌ಬುಕ್ ಹೊಂದಿಸಿ ಬ್ಯಾಂಕಿಗೆ ಜೊತೆಗೆ ಹೋದೆ. ಸಾಲ ಇನ್ನೂ ಇದೆ. ಆದರೆ ಕಾಕಾ ಈಗ ಫೋನ್ ಎತ್ತುತ್ತಾರೆ.

ವೀಕ್ಷಕರೇ, ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನೋದು ನಮ್ಮ ಭಾರವನ್ನ ಅವರ ಮೇಲೇ ಹಾಕಿದಂತೆ. ‘ನಾಳೆ ಹತ್ತಕ್ಕೆ ಬರ್ತೀನಿ’ ಅನ್ನಿ, ಹೋಗಿ. ಬದುಕೇ ಬೇಡ ಅನ್ನೋ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ.

ಯಾರ ಫೋನ್ ಬಂದು ಬಹಳ ದಿನ ಆಯ್ತು ಅಂತ ಇವತ್ತು ಒಮ್ಮೆ ನೋಡಿಕೊಳ್ಳಿ.