ಓದುವ ದೀಪ ಕೊನೆಗೆ ಆರಲಿ

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆ ಜಾಗದಲ್ಲಿ 50 ಮೆಗಾವಾಟಿನ ಸೋಲಾರ್ ಸ್ಥಾವರ ಎದ್ದಿರುವುದು ತಮಗೆಲ್ಲ ತಿಳಿದಿದೆ. 2021ರ ಫೆಬ್ರವರಿ 19ರಂದು ಅದರ ಉದ್ಘಾಟನೆಯಾಯಿತು. ಅಲ್ಲಿ ಹುಟ್ಟುವ ಕರೆಂಟು ದೊಡ್ಡ ಲೈನಿಗೆ ಸೇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನು ತುಂಡಾದರೆ, ಸ್ಥಾವರ ಪಕ್ಕದಲ್ಲಿದ್ದರೂ ನಮ್ಮ ಮನೆ ಕತ್ತಲೆಯೇ. ಆದ್ದರಿಂದಲೇ ನಮ್ಮಲ್ಲಿ ಕೆಲವರು ಮಾಡಿನ ಮೇಲೊಂದು ಪ್ಯಾನೆಲು, ಮೂಲೆಯಲ್ಲೊಂದು ಬ್ಯಾಟರಿ ಇಟ್ಟುಕೊಂಡಿದ್ದೇವೆ.

ಪ್ಯಾನೆಲು ಇಪ್ಪತ್ತು ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ. ಇಲ್ಲದಿದ್ದರೆ ಒಂದೆರಡು ವರ್ಷಕ್ಕೇ ಗುಜರಿ. ಹೊಸತು ತರಬೇಕಾದರೆ ಎಷ್ಟೋ ದಿನಗಳ ಕೂಲಿ ಬೇಕು.

ಬ್ಯಾಟರಿಗೆ ಅತಿಯಾದ ಊಟವೂ ಕೆಡುಕು, ಉಪವಾಸವೂ ಕೆಡುಕು. 12 ವೋಲ್ಟಿನ ಬ್ಯಾಟರಿಗೆಂದು ಮಾರುವ ಪ್ಯಾನೆಲು ಒಳ್ಳೆಯ ಬಿಸಿಲಿಗೆ 17-18 ವೋಲ್ಟ್ ಕೊಡುತ್ತದೆ. ಅದನ್ನು ನೇರವಾಗಿ ಜೋಡಿಸಿದರೆ, ಬ್ಯಾಟರಿ ತುಂಬಿದ ಮೇಲೂ ಕರೆಂಟು ನುಗ್ಗಿ ಒಳಗಿನ ನೀರು ಅನಿಲವಾಗಿ ಹೋಗುತ್ತದೆ. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸೀಸದ ತಗಡುಗಳ ಮೇಲೆ ಗಟ್ಟಿ ಪದರ ಕುಳಿತು, ಮತ್ತೆ ಚಾರ್ಜು ಹಿಡಿಯುವುದಿಲ್ಲ. ಈ ಎರಡನ್ನೂ ತಡೆಯುವ ಕಾವಲುಗಾರನೇ ಚಾರ್ಜ್ ಕಂಟ್ರೋಲರ್. ಅದು ಸುಮಾರು 14.4 ವೋಲ್ಟಿಗೆ ಚಾರ್ಜನ್ನು ತಡೆಹಿಡಿಯುತ್ತದೆ. ಸುಮಾರು 11 ವೋಲ್ಟಿಗೆ ಇಳಿದರೆ ಮನೆಯ ದೀಪ ಆರಿಸುತ್ತದೆ.

ತೊಂದರೆ ಇರುವುದು ಇಲ್ಲೇ. ಅಂಗಡಿಯ ಸಣ್ಣ ಕಂಟ್ರೋಲರು ಎಲ್ಲವನ್ನೂ ಒಟ್ಟಿಗೆ ಆರಿಸುತ್ತದೆ. ಟಿ.ವಿ.ಯೂ ಹೋಯಿತು, ಮಕ್ಕಳು ಓದುವ ದೀಪವೂ ಹೋಯಿತು. ಆಗ ಕಂಟ್ರೋಲರನ್ನು ಬಿಟ್ಟು ವಯರನ್ನು ನೇರ ಬ್ಯಾಟರಿಗೆ ಸಿಕ್ಕಿಸುವ ಆಸೆ ಯಾರಿಗೂ ಬರುತ್ತದೆ. ಮರುದಿನ ಪರೀಕ್ಷೆ ಇರುವ ಮಗುವಿನ ತಾಯಿಗೆ ಉಪದೇಶ ಮಾಡಿ ಫಲವೇನು? ಏರ್ಪಾಡನ್ನೇ ನಮ್ಮ ಮನೆಗೆ ತಕ್ಕಂತೆ ಮಾಡಿಕೊಳ್ಳಬೇಕು.

ಲೆಕ್ಕ ನೋಡಿ. 5 ವಾಟಿನ ದೀಪ ನಾಲ್ಕು ಗಂಟೆ ಉರಿದರೆ 20 ವಾಟ್-ಗಂಟೆ. 30 ವಾಟಿನ ಸಣ್ಣ ಟಿ.ವಿ. ಅಷ್ಟೇ ಹೊತ್ತು ನಡೆದರೆ 120. ಒಂದು ಸಂಜೆಯ ಟಿ.ವಿ.ಯಲ್ಲಿ ಆರು ಸಂಜೆಯ ಓದು ಕರಗಿಹೋಗುತ್ತದೆ!

ಆದುದರಿಂದ ಕಂಟ್ರೋಲರಿನಿಂದ ಹೊರಡುವ ವಯರನ್ನು ಎರಡು ದಾರಿ ಮಾಡೋಣ. ಒಂದು ನೇರವಾಗಿ ಓದುವ ದೀಪಕ್ಕೆ. ಇನ್ನೊಂದು, ವೋಲ್ಟೇಜ್ ನೋಡಿ ಸ್ವಿಚ್ಚು ಹಾಕುವ ರಿಲೇ ಬೋರ್ಡಿನ ಮೂಲಕ ಟಿ.ವಿ.ಗೂ ಫ್ಯಾನಿಗೂ. ಆ ಬೋರ್ಡು 12 ವೋಲ್ಟಿಗೆ ಕಡಿಯಲಿ, 12.8ಕ್ಕೆ ಮತ್ತೆ ಕೂಡಿಸಲಿ. ನಡುವೆ ಇಷ್ಟು ಅಂತರ ಏಕೆ? ಹೊರೆ ಇಳಿದೊಡನೆ ಬ್ಯಾಟರಿಯ ವೋಲ್ಟೇಜ್ ತುಸು ಏರುತ್ತದೆ. ಅಂತರವಿಲ್ಲದಿದ್ದರೆ ರಿಲೇ ಟಕಟಕನೆ ಬಡಿದುಕೊಳ್ಳುತ್ತಲೇ ಇರುತ್ತದೆ. ರಿಲೇ ಕೆಟ್ಟರೂ ಹಿಂದೆ ಕಂಟ್ರೋಲರು ಇದ್ದೇ ಇದೆ. ಐ.ಟಿ.ಐ. ಕಲಿತ ನಮ್ಮ ಹುಡುಗ ಹುಡುಗಿಯರು ಈ ಕೆಲಸವನ್ನು ಮಲ್ಟಿಮೀಟರ್ ಹಿಡಿದು ಒಂದು ಭಾನುವಾರದಲ್ಲಿ ಮುಗಿಸಬಲ್ಲರು.

ಕೆಲವು ಎಚ್ಚರಿಕೆಗಳು. ಬ್ಯಾಟರಿಯ ಪ್ಲಸ್ ಕಡೆಯಲ್ಲಿ, ಹತ್ತಿರವೇ, ಫ್ಯೂಸ್ ಇರಲಿ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲು ಜೋಡಿಸಿ. ಗಾಳಿಯಾಡುವ ಜಾಗದಲ್ಲಿ ಬ್ಯಾಟರಿ ಇಡಿ. ಅದರ ಬಳಿ ಬೀಡಿ, ಬೆಂಕಿಕಡ್ಡಿ ಬೇಡ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಬಾವಿ ನೀರಲ್ಲ. ಲಿಥಿಯಂ ಬ್ಯಾಟರಿಗೆ ಈ ಅಂಕೆಗಳು ಸಲ್ಲವು.

ಆಟಿ ತಿಂಗಳಿಗೆಂದು ಹಲಸಿನ ಸೊಳೆಯನ್ನು ಉಪ್ಪಿನಲ್ಲಿಟ್ಟು, ಅಳೆದು ಅಳೆದು ಬಳಸುವುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಬಿಸಿಲನ್ನೂ ಹಾಗೆಯೇ ಬಳಸೋಣ. ಮಳೆ ಹಿಡಿದಾಗ ಟಿ.ವಿ.ಯನ್ನು 12.2ಕ್ಕೇ ಕಡಿಯುವಂತೆ ತಿರುಗಿಸಿಡಿ. ಯಾವುದು ಮೊದಲು ಆರಬೇಕು, ಯಾವುದು ಕೊನೆಗೆ ಎಂಬುದನ್ನು ಮನೆಮಂದಿಯೆಲ್ಲ, ಮಕ್ಕಳ ಸಮೇತ, ಕುಳಿತು ತೀರ್ಮಾನಿಸಿ. ಎಲ್ಲರೂ ಒಪ್ಪಿ ಮಾಡಿದ ಏರ್ಪಾಡಿನ ವಯರನ್ನು ಯಾರೂ ಕೀಳುವುದಿಲ್ಲ.