ಲಕೋಟೆಯ ಹೊರಮೈ

ಈ ಸಭೆಯಲ್ಲಿರುವ ಹಿರಿಯರಿಗೆ ಮುಂಬಯಿಯಿಂದ ಬರುತ್ತಿದ್ದ ಕಾಗದಗಳ ನೆನಪು ಇದ್ದೇ ಇರುತ್ತದೆ. ಕುಕ್ಕುಂದೂರು, ಕಾರ್ಕಳ, ಕಾಪು ಕಡೆಯ ಎಷ್ಟೋ ಮನೆಗಳಿಂದ ಒಬ್ಬನಾದರೂ ಅಲ್ಲಿನ ಹೋಟೆಲಿಗೆ ದುಡಿಯಲು ಹೋಗಿದ್ದ ಕಾಲ ಅದು. ಕಾರ್ಡಿನಲ್ಲಿ ಬರೆದರೆ ಅಂಚೆಯವನೂ ಓದುತ್ತಾನೆ, ದಾರಿಯ ಅಂಗಡಿಯವನೂ ಓದುತ್ತಾನೆ. ಆದ್ದರಿಂದ ಕ್ಷೇಮಸಮಾಚಾರಕ್ಕೆ ಕಾರ್ಡು. ಸಾಲ, ಸಂಬಂಧ, ಅಣ್ಣತಮ್ಮಂದಿರ ಪಾಲು ಇಂಥ ಮಾತುಗಳಿಗೆ ಅಂಟಿಸಿದ ಇನ್‌ಲ್ಯಾಂಡ್ ಕಾಗದ. ಗುಟ್ಟೆಂದರೆ ಅಪರಾಧವಲ್ಲ, ಮನೆಯ ಮಾತು ಮನೆಯಲ್ಲಿರಲಿ ಎಂಬ ಮರ್ಯಾದೆ ಎನ್ನುವುದನ್ನು ಜನ ಯಾವ ಕಾನೂನು ಪುಸ್ತಕವನ್ನೂ ಓದದೆ ತಿಳಿದಿದ್ದರು.

ಆದರೆ ಅಂಟಿಸಿದ ಕಾಗದಕ್ಕೂ ಒಂದು ಮೈ ಬಯಲಾಗಿಯೇ ಇರುತ್ತದೆ. ಮುಂದೆ ವಿಳಾಸ, ಹಿಂದೆ ಕಳುಹಿಸಿದವರ ಹೆಸರು, ಮೇಲೆ ಅಂಚೆಕಚೇರಿಯ ಮೊಹರು ಮತ್ತು ತಾರೀಖು. ಒಳಗಿನದನ್ನು ಒಂದಕ್ಷರ ಓದದೆಯೂ ಯಾರು ಯಾರಿಗೆ, ಯಾವಾಗ, ಎಷ್ಟು ಸಲ ಬರೆದರೆಂದು ಅಂಚೆಕಚೇರಿಯಲ್ಲಿ ಕುಳಿತವರು ಹೇಳಬಲ್ಲರು. ಮೊಬೈಲ್ ಸಂದೇಶಗಳ ಗೋಪ್ಯತೆಯ ಕುರಿತ ಇಂದಿನ ವಾದದಲ್ಲಿ ಅರ್ಧ ಪಾಲು ಈ ಹೊರಮೈಗೆ ಸೇರಿದ್ದು.

ಒಳಗಿನ ಮಾತಿಗೆ ಬೀಗ ಹಾಕುವ ವಿದ್ಯೆ ಹೆಚ್ಚು ಕಡಿಮೆ ಸಿದ್ಧಿಸಿದೆ. 1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದ ವಿಚಾರ ಅದರ ಬುಡ. ಅದು ಗಣಿತದ ಮಾತು. ಆದರೆ ದೇವಸ್ಥಾನದ ಕಾಣಿಕೆ ಡಬ್ಬಿಯನ್ನು ನೆನೆದರೆ ತಿಳಿಯುತ್ತದೆ. ಡಬ್ಬಿಯ ಸೀಳಿನಲ್ಲಿ ದುಡ್ಡು ಹಾಕಲು ಯಾರ ಅಪ್ಪಣೆಯೂ ಬೇಡ, ತೆಗೆಯುವುದಕ್ಕೆ ಮಾತ್ರ ಮೊಕ್ತೇಸರರ ಕೀಲಿಕೈ ಬೇಕು. ಹೀಗೆಯೇ ಪ್ರತಿಯೊಬ್ಬರ ಫೋನಿಗೂ ಎಲ್ಲರಿಗೂ ಕಾಣುವ ಒಂದು ಸೀಳು, ಅವರಿಗಷ್ಟೇ ಗೊತ್ತಿರುವ ಒಂದು ಕೀಲಿಕೈ. 2016ರಲ್ಲಿ ವಾಟ್ಸ್‌ಆ್ಯಪ್ ಈ ಬಗೆಯ ಬೀಗವನ್ನು ತನ್ನ ಎಲ್ಲ ಬಳಕೆದಾರರಿಗೂ ಒದಗಿಸಿತು. ಮಾತು ಮುಚ್ಚಿತು. ಆದರೆ ಹೆಸರಿನ ಬದಲು ಫೋನ್ ನಂಬರು, ಮೊಹರಿನ ಬದಲು ಗಂಟೆ ನಿಮಿಷ ಇರುವ ಹೊರಮೈ ಒಂದೇ ಕಂಪನಿಯ ಯಂತ್ರಗಳನ್ನು ಹಾದು ಹೋಗುತ್ತದೆ.

ದೊಡ್ಡ ಅಂಚೆಕಚೇರಿಯೇ ಇಲ್ಲದೆ ಕಾಗದ ತಲುಪಿಸಬಹುದೆ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಸೆಷನ್, ಬಿಚಾಟ್ ಮುಂತಾದ ಆ್ಯಪ್‌ಗಳು ಇದಕ್ಕೆ ಉತ್ತರ ಹುಡುಕಲು ಹೊರಟವು. ಇವಕ್ಕೆ ಫೋನ್ ನಂಬರು ಬೇಡ. ಯಾರ್ಯಾರದೋ ಮನೆ, ಕಚೇರಿಗಳಲ್ಲಿರುವ ನೂರಾರು ಕಂಪ್ಯೂಟರುಗಳು ಸಂದೇಶವನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಇಲ್ಲಿನ ಜೋಡುರಸ್ತೆಯಲ್ಲಿ ಬಸ್ಸಿನವರ ಕೈಗೆ ಒಂದು ಕಟ್ಟು ಕೊಟ್ಟರೆಂದುಕೊಳ್ಳಿ. ಮೇಲೆ ಪಡುಬಿದ್ರಿಯ ಒಂದು ಅಂಗಡಿಯ ಹೆಸರಿದೆ. ಆ ಅಂಗಡಿಯವ ಬಿಚ್ಚಿದರೆ ಒಳಗೊಂದು ಕಟ್ಟು, ಅದರ ಮೇಲೆ ಉಡುಪಿಯ ವಿಳಾಸ. ಉಡುಪಿಯವರು ಬಿಚ್ಚಿದರೆ ಇನ್ನೊಂದು, ಅದು ಮಣಿಪಾಲಕ್ಕೆ. ಪಡುಬಿದ್ರಿಯವನಿಗೆ ಕಟ್ಟು ಕೊನೆಗೆ ಸೇರುವ ಮನೆ ಗೊತ್ತಿಲ್ಲ, ಮಣಿಪಾಲದವನಿಗೆ ಹೊರಟ ಮನೆ ಗೊತ್ತಿಲ್ಲ. ನೀರುಳ್ಳಿಯ ಸಿಪ್ಪೆಯಂತೆ ಪದರ ಪದರವಾದ್ದರಿಂದ ಈ ಕ್ರಮಕ್ಕೆ ನೀರುಳ್ಳಿಯ ಹೆಸರೇ ಬಂದಿದೆ. ಸರಕಾರಗಳ ಕಣ್ಣು ತಪ್ಪಿಸುವ ಉಪಾಯವೆಂದು ಬೈಸಿಕೊಳ್ಳುವ ಇದನ್ನು 1990ರ ದಶಕದ ನಡುವಿನಲ್ಲಿ ರೂಪಿಸಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯವೆಂಬುದು ತಮಾಷೆಯ ಸಂಗತಿ.

ಇಷ್ಟೊಂದು ಕಂಪ್ಯೂಟರುಗಳನ್ನು ಹಗಲಿರುಳು ನಡೆಸುವವರು ಯಾರು, ಯಾಕೆ? ಬ್ಲಾಕ್‌ಚೈನ್ ಬರುವುದು ಈ ಪ್ರಶ್ನೆಗೆ. ಇದನ್ನು ತಿಳಿಯಲು ಈ ಜಿಲ್ಲೆಯದೇ ಒಂದು ಉದಾಹರಣೆಯಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ಲೆಕ್ಕ ಎರಡು ಕಡೆ ಇರುತ್ತಿತ್ತು: ಬ್ಯಾಂಕಿನ ಲೆಡ್ಜರಿನಲ್ಲಿ ಒಂದು, ಮನೆಯ ಪುಸ್ತಕದಲ್ಲಿ ಒಂದು. ಎರಡೂ ತಾಳೆಯಾದರೆ ನಂಬಿಕೆ. ಬ್ಲಾಕ್‌ಚೈನ್‌ನಲ್ಲಿ ಅದೇ ಲೆಕ್ಕದ ಪ್ರತಿ ಸಾವಿರಾರು ಕಡೆ ಇರುತ್ತದೆ, ಒಂದರಲ್ಲಿ ತಿದ್ದಿದರೆ ಉಳಿದವು ಒಪ್ಪುವುದಿಲ್ಲ. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಈ ರೀತಿಯಲ್ಲೇ ಆರಂಭವಾಯಿತು. ಹಣೆಗೆ ಬ್ಯಾಂಕಿನ ಮೊಹರಿಲ್ಲದ ದುಡ್ಡು ಅದು.

ಸಂದೇಶಗಳು ಈ ಲೆಕ್ಕಪುಸ್ತಕದಲ್ಲಿ ಬರೆದಿಡಲ್ಪಡುತ್ತವೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಸಂದೇಶ ಬೀಗ ಹಾಕಿಕೊಂಡು ಕೆಲವು ದಿನ, ಸೆಷನ್‌ನಲ್ಲಾದರೆ 14 ದಿನ, ಕಂಪ್ಯೂಟರುಗಳಲ್ಲಿ ಕಾದಿದ್ದು ಅಳಿಯುತ್ತದೆ. ಪುಸ್ತಕದಲ್ಲಿರುವುದು ಸಾಗಿಸುವವರ ಲೆಕ್ಕ. ಕಂಪ್ಯೂಟರ್ ನಡೆಸುವವರು ಆ ಬಳಗದ ನಾಣ್ಯಗಳನ್ನು ಇಷ್ಟೆಂದು ಅಡವಿಡಬೇಕು. ನಿಯತ್ತಾಗಿ ದುಡಿದರೆ ಹೊಸ ನಾಣ್ಯ ಸಂಬಳವಾಗಿ ಸಿಗುತ್ತದೆ, ತಪ್ಪಿದರೆ ನಷ್ಟ. ಬಿಚಾಟ್‌ಗೆ ಬೆಲ್ಡೆಕ್ಸ್ ಎಂಬ ಬಳಗ, ಸೆಷನ್‌ಗೆ ಮೊದಲು ಆಕ್ಸೆನ್, 2025ರಿಂದ ತನ್ನದೇ ನಾಣ್ಯ. ಪರಸ್ಪರ ಮುಖ ನೋಡದವರ ಸಹಕಾರಿ ಸಂಘ ಎನ್ನಬಹುದು. ಆದರೆ ಸಹಕಾರಿ ಸಂಘಕ್ಕೆ ಸೇರಿದವನು ಹಾಲಿನ ದರ ನೋಡುತ್ತಾನೆ. ಇಲ್ಲಿ ಸೇರಿದವರಲ್ಲಿ ಬಹಳ ಮಂದಿ ನೋಡುವುದು ನಾಣ್ಯದ ದರವನ್ನು. ಗೋಪ್ಯತೆಯ ಮಾತಾಡುತ್ತಲೇ ಬೆಲೆ ಏರುವುದನ್ನು ಕಾಯುವವರ ಹೆಗಲ ಮೇಲೆ ಇನ್ನೊಬ್ಬರ ಮನೆಮಾತು ನಿಂತಿದೆ. ಬೆಲೆ ಬಿದ್ದ ದಿನ ಕಂಪ್ಯೂಟರು ಆರಿಸಿ ಹೋಗುವವರನ್ನು ತಡೆಯುವುದು ಅಡವಿಟ್ಟ ನಾಣ್ಯವೇ ಹೊರತು ತತ್ತ್ವವಲ್ಲ.

ಸರಕಾರದ ಕಡೆಯ ಮಾತನ್ನೂ ಕೇಳಬೇಕು. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ 14 ಸಂದೇಶ ಆ್ಯಪ್‌ಗಳನ್ನು ತಡೆಹಿಡಿದ ವರದಿ ಬಂತು. ಜಮ್ಮು ಕಾಶ್ಮೀರದ ಉಗ್ರರು ಗಡಿಯಾಚೆಯವರೊಡನೆ ಮಾತಾಡಲು ಅವನ್ನು ಬಳಸುತ್ತಿದ್ದರೆಂಬುದು ಕೊಟ್ಟ ಕಾರಣ. ಪಟ್ಟಿಯಲ್ಲಿ ಬಿಚಾಟ್ ಇತ್ತು, ಲಾಭದ ಉದ್ದೇಶವಿಲ್ಲದ ಬ್ರಯರ್ ಕೂಡ ಇತ್ತು. ಬಾಂಬಿಗೆ ಮಗನನ್ನು ಕಳೆದುಕೊಂಡ ತಾಯಿಗೆ ಗೋಪ್ಯತೆಯ ಪಾಠ ಹೇಳುವುದು ಸುಲಭವಲ್ಲ. ಆದರೆ ಕದ್ದು ಕೇಳುವ ಅಧಿಕಾರ ಕೈಗೆ ಬಂದಾಗ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಆರೋಪದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಕದ್ದಾಲಿಕೆಗೆ ಆಗ ಇದ್ದ ಆಧಾರ 1885ರ ತಂತಿ ಕಾಯಿದೆ. ಅದಕ್ಕೆ ಕ್ರಮಬದ್ಧ ಕಟ್ಟುಪಾಡು ವಿಧಿಸಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1996ರ ಡಿಸೆಂಬರಿನಲ್ಲಿ.

ಖಾಸಗಿತನ ಮೂಲಭೂತ ಹಕ್ಕು ಎಂಬುದು ನಿಶ್ಚಿತವಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಅದಕ್ಕೂ ಕಾರಣರಾದವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅಷ್ಟರಲ್ಲಿ 2021ರ ನಿಯಮಗಳು ಬಂದಿದ್ದವು: ಕೋರ್ಟು ಅಥವಾ ಸರಕಾರ ಆದೇಶಿಸಿದರೆ ಒಂದು ಸಂದೇಶವನ್ನು ಮೊದಲು ಕಳುಹಿಸಿದವರು ಯಾರೆಂದು ದೊಡ್ಡ ಕಂಪನಿಗಳು ಹೇಳಬೇಕು. ವಾಟ್ಸ್‌ಆ್ಯಪ್ ಅದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಕೇಂದ್ರವೇ ಇಲ್ಲದ ಆ್ಯಪ್‌ಗೆ ಈ ಆದೇಶವನ್ನು ಯಾರ ಕೈಗೆ ಕೊಡುವುದು? ಬರೆದವರ ಮನೆಗೇ ಹೋಗಬೇಕಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಆದದ್ದು ಅದೇ. ಪೊಲೀಸರು ಸೆಷನ್‌ನ ನೌಕರರೊಬ್ಬರ ಮನೆಗೆ ಬಂದು ವಿಚಾರಿಸಿದ ಬಳಿಕ, 2024ರಲ್ಲಿ ಅದರ ಆಡಳಿತ ಸ್ವಿಟ್ಜರ್ಲೆಂಡಿನ ಪ್ರತಿಷ್ಠಾನಕ್ಕೆ ಹೋಯಿತು.

ಬಳಸುವವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ನಾಣ್ಯದಲ್ಲಿ ಹಣ ತೊಡಗಿಸಿ ಎಂದು ಆಮಿಷ ಒಡ್ಡುವ ಮೋಸಗಾರನಿಗೂ ಹೆಸರಿಲ್ಲದ ಆ್ಯಪ್ ಅನುಕೂಲವೇ. 1930ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ಪೊಲೀಸರಿಗೆ ಹಿಡಿದು ಕೇಳಲು ಆಚೆ ಬದಿಯಲ್ಲಿ ಒಂದು ಕಚೇರಿ ಸಿಗುವುದಿಲ್ಲ. ಕೀಲಿಕೈಯ ಕಥೆಯೂ ಹಾಗೆಯೇ. ಖಾತೆ ತೆರೆದಾಗ ಒಂದಷ್ಟು ಇಂಗ್ಲಿಷ್ ಪದಗಳ ಸಾಲು ಕಾಣಿಸುತ್ತದೆ. ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡಬೇಕಾದ್ದು ಅದನ್ನೇ. ಪಿಗ್ಮಿಯ ಪುಸ್ತಕ ಮಳೆಯಲ್ಲಿ ನೆನೆದು ಹೋದರೆ ಬ್ಯಾಂಕಿನಲ್ಲಿ ಇನ್ನೊಂದು ಮಾಡಿಸಿಕೊಳ್ಳಬಹುದಿತ್ತು. ಫೋನೂ ಆ ಚೀಟಿಯೂ ಒಟ್ಟಿಗೆ ಹೋದರೆ ಖಾತೆಯನ್ನು ಮರಳಿಸಿ ಕೊಡುವವರು ಯಾರೂ ಇಲ್ಲ.