ಕೆಲಸಕ್ಕೆ ಸೇರಿದ ಮೇಲಿನ ಓದು

ಪುಣೆಯ ಕೋಥರೂಡಕ್ಕೆ ಅಂಟಿಕೊಂಡೇ ಇದೆ ಹಿಂಗಣೆ, ಇಂದಿನ ಕರ್ವೆನಗರ. 1900ರಲ್ಲಿ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರು ವಿಧವೆಯರ ಆಶ್ರಮವನ್ನು ಇಲ್ಲಿಗೆ ತಂದರು. 1909ರಲ್ಲಿ ಪುಣೆಯಲ್ಲಿ ಶುರುವಾದ ರಮಾಬಾಯಿ ರಾನಡೆಯವರ ಸೇವಾಸದನವು ಹೆಣ್ಣುಮಕ್ಕಳನ್ನು ನರ್ಸಿಂಗ್ ಕಲಿಯಲು ಕಳಿಸಿತು. ಆ ಕೆಲಸಕ್ಕೆ ಮನೆತನಸ್ಥರು ಮೂಗು ಮುರಿಯುತ್ತಿದ್ದ ಕಾಲ ಅದು.

ಈಗ ಕಲಿತವರೂ ಮತ್ತೆ ಕಲಿಯಬೇಕು. ಮಹಾರಾಷ್ಟ್ರದ ವೈದ್ಯರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ತರಬೇತಿಯಿಂದ ಗಳಿಸಿದ 30 ಕ್ರೆಡಿಟ್ ಅಂಕ ತೋರಿಸಬೇಕು. ನರ್ಸುಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಹೇಳುವುದು ಅಷ್ಟೇ ಅವಧಿಗೆ 150 ಗಂಟೆಗಳ ತರಬೇತಿ.

ಒಮ್ಮೆ ಕಲಿತದ್ದೂ ಬದಲಾಗುತ್ತದೆ. ಹೃದಯ ನಿಂತವರಿಗೆ ಕೊಡುವ ಚಿಕಿತ್ಸೆಯನ್ನೇ ನೋಡಿ. ಮೊದಲು ಉಸಿರುದಾರಿ ತೆರೆಯಿರಿ, ಆಮೇಲೆ ಎದೆ ಒತ್ತಿ ಎಂದು ಕಲಿಸುತ್ತಿದ್ದರು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಕ್ರಮವನ್ನೇ ತಿರುಗಿಸಿತು: ಮೊದಲು ಎದೆ ಒತ್ತಿ. 2015ರಲ್ಲಿ ವೇಗಕ್ಕೂ ಮಿತಿ ಬಂತು, ನಿಮಿಷಕ್ಕೆ 100ರಿಂದ 120 ಸಲ. ಆಳ ಕನಿಷ್ಠ 5 ಸೆಂಟಿಮೀಟರ್. ತರಬೇತಿಯ ಬೊಂಬೆಯ ಮೇಲೆ ಹೀಗೆ ಒತ್ತತೊಡಗಿದರೆ ಎರಡೇ ನಿಮಿಷಕ್ಕೆ ತೋಳು ಸೋಲುತ್ತದೆ. ಪುಸ್ತಕ ಓದಿದರೆ ಈ ಅಂದಾಜು ಸಿಗದು.

ಹೀಗಿರುವಾಗ ರಾತ್ರಿಪಾಳಿ ಮುಗಿಸಿದ ನರ್ಸಮ್ಮನಿಗೆ ವಾರದ ರಜೆಯಲ್ಲೇ ತರಬೇತಿ ಹಾಕುವುದು ಯಾವ ನ್ಯಾಯ? ಆ ಗಂಟೆಗಳನ್ನು ಆಸ್ಪತ್ರೆಯೇ ಪಾಳಿಯೊಳಗೆ, ಸಂಬಳದೊಳಗೆ ಹೊಂದಿಸಿಕೊಡಬೇಕು.